ಮಳೆಯ ನೀರೂ ನಮ್ಮ ಭೂಮಿಯೂ: ಸುವರ್ಣಾ ನದಿಯಿಂದ ಒಂದು ಪಾಠ



ಹೊಳೆಯು ಯಾಕೆ ಉಕ್ಕುತ್ತದೆ ಎಂದು ಕೇಳಿದರೆ, ಮಳೆ ಹೆಚ್ಚಾದದರಿಂದ ಎಂಬ ಉತ್ತರವನ್ನು ತರಗತಿಯ ಚಿಕ್ಕ ಹುಡುಗಿಯೂ ಕೊಡುವಳು. ಆ ಉತ್ತರವು ಸರಿಯಾದದ್ದೇ. ಆದರೆ ಅದು ಅರ್ಧ ಉತ್ತರ. ಒಂದೇ ಪ್ರಮಾಣದ ಮಳೆಯು ಒಂದು ಊರಿನಲ್ಲಿ ಬೆಳೆಗೆ ಜೀವವಾಗುವದೂ ಇನ್ನೊಂದು ಊರಿನಲ್ಲಿ ಮನೆಯ ಹೊಸ್ತಿಲನ್ನು ದಾಟುವದೂ ಉಂಟು. ಈ ಭೇದಕ್ಕೆ ಕಾರಣವು ನೀರು ಬಿದ್ದ ಭೂಮಿಯಲ್ಲಿಯೂ ಆ ಭೂಮಿಯನ್ನು ನಾವು ಉಪಯೋಗಿಸುವ ರೀತಿಯಲ್ಲಿಯೂ ಇದೆ. ಮಳೆಯು ನಮ್ಮ ಕೈಯಲ್ಲಿಲ್ಲ. ಭೂಮಿಯು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಆದಕಾರಣ ಈ ಪಾಠವು ಗೃಹಿಣಿಯರಿಗೂ ಗೃಹಸ್ಥರಿಗೂ ತಕ್ಕದ್ದೆಂದು ನಾವು ಎಣಿಸುತ್ತೇವೆ.

1. ನದಿಯ ಮನೆ

ಯಾವ ಭೂಮಿಯ ಮೇಲೆ ಬಿದ್ದ ಮಳೆಯು ಕೊನೆಗೆ ಒಂದೇ ಹೊಳೆಯನ್ನು ಸೇರುತ್ತದೋ, ಆ ಭೂಮಿಯನ್ನೆಲ್ಲಾ ಆ ಹೊಳೆಯ ಜಲಾನಯನ ಪ್ರದೇಶವೆಂದು ಕರೆಯುವರು. ನಮ್ಮ ಸುವರ್ಣಾ ನದಿಯು ಕಾರ್ಕಳ ತಾಲೂಕಿನ ಘಟ್ಟದ ಮಗ್ಗುಲಿನಿಂದ ಇಳಿದು, ಹಿರಿಯಡ್ಕದ ಸಮೀಪದ ಬಜೆ, ಮಣಿಪಾಲದ ಬುಡದ ಪೆರಂಪಳ್ಳಿ, ಕಲ್ಯಾಣಪುರ ಇವುಗಳನ್ನು ದಾಟಿ, ಸೀತಾನದಿಯೊಡನೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಕಾಪುವಿನ ಕಡೆಗೆ ಉದ್ಯಾವರದ ಹೊಳೆಯಾದ ಪಾಪನಾಶಿನಿಯಿದೆ. ಇವೆಲ್ಲಾ ಗಿಡ್ಡ ನದಿಗಳು. ಘಟ್ಟದ ನೆತ್ತಿಗೂ ಕಡಲಿಗೂ ನಡುವೆ ನೇರವಾಗಿ ಅರುವತ್ತು ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕೇ ತಿಂಗಳಲ್ಲಿ. ಇಷ್ಟು ನೀರು ಇಷ್ಟು ಸಣ್ಣ ದಾರಿಯಲ್ಲಿ ಓಡುವಾಗ, ಅದನ್ನು ನಡುವೆ ನಿಲ್ಲಿಸಿ ತಡಮಾಡುವವರು ಬೇಕು. ಕೊಡದಲ್ಲಿರುವ ನೀರನ್ನು ಚೊಂಬಿನಿಂದ ಹೊಯ್ದರೆ ಬಚ್ಚಲು ತಾಳುತ್ತದೆ. ಒಂದೇ ಸಲ ಕವಚಿದರೆ ತಾಳುವದಿಲ್ಲ. ನೀರಿನ ಮೊತ್ತವು ಎರಡರಲ್ಲಿಯೂ ಒಂದೇ.

2. ನೀರನ್ನು ತಡಮಾಡುವವರು

ಮೊದಲನೆಯದು ಘಟ್ಟದ ಕಾಡೂ ಊರಿನ ಹಾಡಿಯೂ. ಎಲೆಗಳು ಮಳೆಯ ಪೆಟ್ಟನ್ನು ತಾಳುತ್ತವೆ. ಉದುರಿದ ತರಗೆಲೆಯು ಮಣ್ಣನ್ನು ಮೆತ್ತಗಿಡುತ್ತದೆ. ಬೇರುಗಳೂ ಎರೆಹುಳುಗಳೂ ಮಾಡಿದ ಸಂದುಗಳಲ್ಲಿ ನೀರು ಇಳಿಯುತ್ತದೆ. ನಮ್ಮ ಜಿಲ್ಲೆಯ ರೈತರಿಗೆ ವರ್ಗಜಮೀನಿನ ಸುತ್ತ ನೂರು ಗಜದ ವರೆಗೆ ಸೊಪ್ಪು ಸೌದೆಗಾಗಿ ಕುಮ್ಕಿಯ ಹಕ್ಕು ಇದ್ದದರಿಂದ, ಗದ್ದೆಯ ಮೇಲ್ಗಡೆಯ ಗುಡ್ಡವು ಹಸುರಾಗಿರಬೇಕೆಂಬ ಸ್ವಾರ್ಥವೂ ಅವರಿಗಿತ್ತು.

ಎರಡನೆಯದು ಮುರಕಲ್ಲಿನ ಗುಡ್ಡ. ತೂತುಗಳುಳ್ಳ ಈ ಕಲ್ಲು ನೀರನ್ನು ಹೀರಿ ಬುಡದ ಒರತೆಗಳಿಗೆ ಮೆಲ್ಲಗೆ ಬಿಡುತ್ತದೆ. ಮಣಿಪಾಲವು ಇಂಥ ಗುಡ್ಡದ ಮೇಲೆಯೇ ಇದೆ. ಅದರ ಹೆಸರು ಬಂದದ್ದು ಮಣ್ಣಪಳ್ಳವೆಂಬ ಕೆರೆಯಿಂದ. ಕಾರ್ಕಳದ ಕರಿಬಂಡೆಗಳು ಹಾಗಲ್ಲ. ಅವುಗಳ ಮೇಲೆ ಬಿದ್ದ ನೀರು ಕೂಡಲೇ ಜಾರುತ್ತದೆ. ಇಂಥ ಊರಿನಲ್ಲಿ ಆನೆಕೆರೆ, ರಾಮಸಮುದ್ರಗಳಂಥ ಕೆರೆಗಳ ಬೆಲೆಯು ಹೆಚ್ಚು.

ಮೂರನೆಯದು ಗದ್ದೆ. ನಮ್ಮ ಹಿರಿಯರು ಭೂಮಿಯನ್ನು ನೀರಿನ ಮೇರೆಗೇ ವಿಂಗಡಿಸಿದರು: ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಎತ್ತರದ ಬೆಟ್ಟು, ನಡುವಿನ ಮಜಲು, ತೋಡಿನ ಬದಿಯ ತಗ್ಗಾದ ಬೈಲು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ಬೆಳೆಯಬಲ್ಲ ಬೈಲೇ, ಹೊಳೆಯು ಉಕ್ಕಿದಾಗ ನೀರಿಗೆ ಕೂತುಕೊಳ್ಳುವ ಜಾಗವೂ ಆಗಿತ್ತು. ಅದಕ್ಕಾಗಿಯೇ ಹಳೆಯ ಮನೆಗಳು ಬೈಲಿನಲ್ಲಿಲ್ಲ, ಅದರ ಅಂಚಿನ ಎತ್ತರದಲ್ಲಿವೆ.

ನಾಲ್ಕನೆಯದು ಅಳಿವೆಯ ಕಾಂಡ್ಲಾ ವನವೂ ಗಜನಿಯೂ. ಭರತದ ವೇಳೆಯಲ್ಲಿ ಕಡಲು ಹೊಳೆಯ ಬಾಯನ್ನು ಕಟ್ಟಿದಂತೆ ಮಾಡುತ್ತದೆ. ಆಗ ಮೇಲಿಂದ ಬಂದ ನೆರೆಯು ಪಕ್ಕಕ್ಕೆ ಹರಡದೆ ಗತಿಯಿಲ್ಲ. ಹೊಳೆಯ ನಡುವಿನ ಕುದ್ರುಗಳಲ್ಲಿಯೂ ಮಟ್ಟುವಿನ ಗುಳ್ಳದ ಹೊಲಗಳಲ್ಲಿಯೂ ಇರುವವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

3. ಒಂದು ಲೆಕ್ಕ

ಒಂದು ಎಕ್ರೆಯೆಂದರೆ ಸುಮಾರು 4,047 ಚದರ ಮೀಟರು. ಬೈಲಿನ ಒಂದು ಎಕ್ರೆ ಗದ್ದೆಯ ಹುಣಿಯು ಹದಿನೈದು ಸೆಂಟಿಮೀಟರ್ ನೀರನ್ನು ಹೆಚ್ಚಾಗಿ ನಿಲ್ಲಿಸಿದರೆ, ಆ ನೀರು ಆರು ಲಕ್ಷ ಲೀಟರಿಗಿಂತ ಮೇಲೆ. ಇನ್ನೊಂದು ಕಡೆ, ಹತ್ತು ಸೆಂಟ್ಸ್ ಮನೆಹಿತ್ತಲಿಗೆ ಪೂರಾ ಕಾಂಕ್ರೀಟು ಹಾಸಿದ್ದಾರೆಂದು ಇಟ್ಟುಕೊಳ್ಳಿರಿ. ಒಂದು ದಿನದಲ್ಲಿ ಹತ್ತು ಸೆಂಟಿಮೀಟರ್ ಮಳೆ ಬಂದರೆ ಅಲ್ಲಿಂದ ಸುಮಾರು 40,000 ಲೀಟರ್ ನೀರು ಬೀದಿಗೆ ಓಡುವದು. ಇಂಥ ಹದಿನೈದು ಮನೆಗಳ ನೀರನ್ನು ಆ ಒಂದು ಎಕ್ರೆ ಗದ್ದೆಯು ಹಿಡಿಯಬಹುದಾಗಿತ್ತು. ಈಗ ಆ ಗದ್ದೆಗೇ ಮಣ್ಣು ತುಂಬಿಸಿ ಹದಿನೈದು ಮನೆಗಳನ್ನು ಕಟ್ಟಿದರೆ ಏನಾಗುವದು? ನೀರು ಹೆಚ್ಚಿತು, ಪಾತ್ರೆಯು ಹೋಯಿತು. ತುಂಬಿಸಿದ ಕೆಂಪುಮಣ್ಣಾದರೂ ಎಲ್ಲಿಂದ ಬಂತು? ನೀರನ್ನು ಹೀರುತ್ತಿದ್ದ ಗುಡ್ಡವನ್ನು ಅಗೆದು ತಂದದ್ದು. ಒಂದೇ ಲಾರಿಯ ಮಣ್ಣು ಎರಡು ಕಡೆಗಳಲ್ಲಿ ನಷ್ಟ ಮಾಡುತ್ತದೆ.

4. 2020ನೇ ಸೆಪ್ಟೆಂಬರ 20

ಆ ಆದಿತ್ಯವಾರವನ್ನು ಉಡುಪಿಯವರು ಮರೆಯಲಾರರು. ಹಿಂದಿನ ರಾತ್ರಿಯಿಂದ ಎಡೆಬಿಡದೆ ಮಳೆ ಸುರಿದು, ಸುವರ್ಣೆಯು ದಡ ಮೀರಿ ಹರಿದಳು. ತಗ್ಗಿನ ಮನೆಗಳಿಂದ ಸಾವಿರಾರು ಜನರನ್ನು ಬೇರೆ ಕಡೆಗೆ ಸಾಗಿಸಬೇಕಾಯಿತು. ವೃದ್ಧರನ್ನೂ ಮಕ್ಕಳನ್ನೂ ದೋಣಿಯಲ್ಲಿ ಕರೆತಂದರು. ಪಟ್ಟಣದೊಳಗೆ ಇಂದ್ರಾಣಿ ತೋಡು ಉಕ್ಕಿ ಶ್ರೀಕೃಷ್ಣ ಮಠದ ರಾಜಾಂಗಣದ ವರೆಗೆ ನೀರು ಬಂತು. ಅಂಥ ಮಳೆಗೆ ಯಾವ ಊರಾದರೂ ತತ್ತರಿಸುತ್ತಿತ್ತು. ಮಳೆಗಾಲದ ಕೊನೆಯಾದದರಿಂದ ಮಣ್ಣು ಮೊದಲೇ ತೊಯ್ದು ತುಂಬಿತ್ತು. ಆದರೂ ಇಂದ್ರಾಣಿಯ ದಾರಿಯನ್ನು ವಿಚಾರಿಸಿರಿ. ಮಣಿಪಾಲ, ಇಂದ್ರಾಳಿಗಳ ಎತ್ತರದಲ್ಲಿ ಕಟ್ಟಡವೂ ರಸ್ತೆಯೂ ಹೆಚ್ಚಾಗಿವೆ. ಕೆಳಗೆ ತೋಡಿನ ಬದಿಯ ಬೈಲುಗಳು ಪೇಟೆಯಾಗಿವೆ. ನಡುವಿನ ಊರುಗಳ ಹೆಸರುಗಳು ಮಾತ್ರ ಹಳೆಯ ಸಾಕ್ಷಿಗಳಾಗಿ ಉಳಿದಿವೆ: ಒಂದು ಬೈಲಕೆರೆ, ಇನ್ನೊಂದು ಕಲ್ಸಂಕ, ಅಂದರೆ ಕಲ್ಲಿನ ಸೇತುವೆ.

5. ಕಾಡಿದ್ದರೆ ಸಾಕೋ?

ಇಲ್ಲಿ ಸತ್ಯವನ್ನು ಪೂರ್ಣವಾಗಿ ಹೇಳತಕ್ಕದ್ದು. 1923ರಲ್ಲಿ ನೇತ್ರಾವತಿಯು ಉಕ್ಕಿ ಬಂಟವಾಳದ ಪೇಟೆಯನ್ನು ಮುಳುಗಿಸಿತು; 1974ರಲ್ಲಿ ಪುನಃ ಹಾಗಾಯಿತು. ಜನರು ಅದನ್ನು ಮಾರಿಬೊಳ್ಳವೆಂದರು. 1923ರಲ್ಲಿ ಕಾಂಕ್ರೀಟಿನ ಅಂಗಳಗಳೂ ಇರಲಿಲ್ಲ, ಮಣ್ಣು ತುಂಬಿಸುವ ಲಾರಿಗಳೂ ಇರಲಿಲ್ಲ. ಆದದರಿಂದ ಮರ ನೆಟ್ಟರೆ ನೆರೆಯೇ ಬಾರದೆಂದು ಯಾರೂ ಹೇಳಕೂಡದು. ಮಣ್ಣು ತುಂಬಿದ ಬಳಿಕ ಕಾಡೂ ನೀರನ್ನು ಬಿಟ್ಟುಕೊಡುತ್ತದೆ. ಭೂಮಿಯ ಸಹಾಯವು ಹೆಚ್ಚಾಗಿ ಕಾಣುವದು ವರ್ಷ ವರ್ಷವೂ ಬರುವ ಮಧ್ಯಮ ನೆರೆಗಳಲ್ಲಿ, ಇಂದ್ರಾಣಿಯಂಥ ಸಣ್ಣ ತೋಡುಗಳಲ್ಲಿ. ದೊಡ್ಡ ನೆರೆಗೆ ಬೇಕಾದದ್ದು ತೆರವಾದ ಜಾಗ. ನದಿಗಳಿಗೆ ಏರಿ ಕಟ್ಟುವದರಲ್ಲಿ ಹೆಸರಾದ ಹಾಲೆಂಡಿನವರೂ 1993 ಮತ್ತು 1995ರ ನೆರೆಗಳ ತರುವಾಯ ಏರಿಗಳನ್ನು ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಡುವ ಯೋಜನೆಯನ್ನು ಕೈಕೊಂಡರು. ನಮ್ಮ ಹಿರಿಯರು ಬೈಲಿನಲ್ಲಿ ಮನೆ ಕಟ್ಟದೆ ಬಿಟ್ಟದ್ದೂ ಇದೇ ವಿವೇಕದಿಂದ.

ತಡಮಾಡಿದ ನೀರಿಗೆ ಇನ್ನೊಂದು ಪ್ರಯೋಜನವುಂಟು. 2019ರ ಮೇ ತಿಂಗಳಲ್ಲಿ ಬಜೆಯ ಅಣೆಕಟ್ಟಿನಲ್ಲಿ ನೀರು ಬತ್ತಿ, ಪಟ್ಟಣದ ಮನೆಗಳಿಗೆ ಸರದಿಯಂತೆ ನೀರು ಬಿಟ್ಟದ್ದನ್ನು ನೆನಸಿರಿ. ಸೆಪ್ಟೆಂಬರಿನಲ್ಲಿ ನಮ್ಮನ್ನು ಮುಳುಗಿಸುವ ನೀರೂ ಮೇಯಲ್ಲಿ ನಮಗೆ ಸಿಕ್ಕದ ನೀರೂ ಒಂದೇ.

6. ನಮ್ಮಿಂದಾಗತಕ್ಕದ್ದು

ನಮ್ಮ ಹಳೆ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯ ಯಜಮಾನಿಯರು. ಜಮೀನಿನ ಪಾಲುಪಟ್ಟಿಯಾಗುವಾಗಲೂ ಹೊಸ ಮನೆಗೆ ನಕ್ಷೆ ಬರೆಯಿಸುವಾಗಲೂ ನಿಮ್ಮ ಮಾತು ನಡೆಯುತ್ತದೆ. ಅಂಗಳವು ಕೆಸರಾಗಬಾರದೆಂಬದು ನ್ಯಾಯವೇ. ಆದರೂ ಅದರ ಅರ್ಧವನ್ನಾದರೂ ಮಣ್ಣಾಗಿ ಬಿಡಿರಿ. ಮಾಡಿನ ನೀರನ್ನು ಬಾವಿಗೋ ಇಂಗುಗುಂಡಿಗೋ ಇಳಿಸಿರಿ. ಬೈಲಿನ ಗದ್ದೆಯನ್ನು ಮಾರಬೇಕಾದರೆ ಬೇಸಾಯ ಮಾಡುವವರಿಗೆ ಮಾರಲು ಯತ್ನಿಸಿರಿ. ಉಳುವವರಿಲ್ಲದಿದ್ದರೆ ಇತರರೊಡನೆ ಕೂಡಿಯಾದರೂ ಬೇಸಾಯ ಮಾಡಿಸಿರಿ. 2021ರಲ್ಲಿ ಉಡುಪಿಯಲ್ಲಿ ಹಡಿಲು ಬಿದ್ದ ಗದ್ದೆಗಳನ್ನು ಅನೇಕರು ಕೂಡಿ ಮತ್ತೆ ಉತ್ತು ನಟ್ಟದ್ದು ಇದು ಸಾಧ್ಯವೆಂಬದಕ್ಕೆ ಪ್ರಮಾಣ. ಮಳೆಗೆ ಮುಂಚೆ ತೋಡಿನ ಹೂಳೆತ್ತುವದಕ್ಕೂ ಬೇಸಿಗೆಯ ಕಟ್ಟವನ್ನು ಹೊತ್ತಿಗೆ ಸರಿಯಾಗಿ ಬಿಚ್ಚುವದಕ್ಕೂ ನೆರೆಕರೆಯವರೊಡನೆ ಕೂಡಿರಿ. ಮಣಿಪಾಲದ ಅಂಗಳದ ನೀರು ಕಲ್ಸಂಕದವರ ಮನೆಬಾಗಿಲಿಗೆ ಹೋಗುತ್ತದೆ. ಕಾರ್ಕಳದ ಗುಡ್ಡದ ಮಣ್ಣು ಕಲ್ಯಾಣಪುರದ ಹೊಳೆಯನ್ನು ತುಂಬಿಸುತ್ತದೆ. ಕೆಳಗಿನ ಊರಿನವರನ್ನು ನಾವು ಕಾಣದಿದ್ದರೂ ಅವರು ನಮ್ಮ ನೆರೆಯವರೇ.

ಮಕ್ಕಳೊಡನೆ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಅಂಗಳದ ನೀರು ಯಾವ ತೋಡನ್ನೂ ಯಾವ ಹೊಳೆಯನ್ನೂ ಸೇರುತ್ತದೆ?
2. ಅಜ್ಜಿಯ ಕಾಲದಲ್ಲಿ ಬೈಲಾಗಿದ್ದು ಈಗ ಹಾಗಿಲ್ಲದ ಸ್ಥಳಗಳು ಊರಿನಲ್ಲಿ ಎಷ್ಟಿವೆ?
3. ಹತ್ತು ಸೆಂಟಿಮೀಟರ್ ಮಳೆ ಬಂದ ದಿನ ನಮ್ಮ ಮಾಡಿನಿಂದ ಎಷ್ಟು ಲೀಟರ್ ನೀರು ಇಳಿಯುವದು? ಅಳೆದು ಲೆಕ್ಕ ಮಾಡಿರಿ.
4. ಆ ನೀರು ಎಲ್ಲಿ ಇಂಗುವದು?