ಮೊಬೈಲ್ ಐಪಿಗೆ ಎಷ್ಟು ಹೊತ್ತು ಕೊಡಬೇಕು?

ನೆಟ್‌ವರ್ಕಿಂಗ್ ಓದುತ್ತಿರುವವರೇ, ಮೊಬೈಲ್ ಐಪಿ ಹಳತಾಯಿತೆಂದು ಆ ಅಧ್ಯಾಯವನ್ನೇ ಹಾರಿಸಬೇಡಿ. ಹಾಗೆಂದು ಅದರ ಸಂದೇಶಗಳ ಒಂದೊಂದು ಬಿಟ್ಟನ್ನೂ ಬಾಯಿಪಾಠ ಮಾಡುತ್ತ ಕೂರಲೂ ಬೇಡಿ. 1996ರಲ್ಲಿ ಆರ್‌ಎಫ್‌ಸಿ 2002 ಆಗಿ ಬಂದ ಈ ಪ್ರೋಟೊಕಾಲ್ ಬಿಡಿಸಹೊರಟ ತೊಡಕು ಇಂದಿಗೂ ಹಾಗೇ ಇದೆ: ನೀವು ಯಾರು, ಎಲ್ಲಿದ್ದೀರಿ ಎಂಬ ಎರಡನ್ನೂ ಐಪಿ ವಿಳಾಸವೊಂದೇ ಹೇಳುತ್ತದೆ, ಅದು ಬದಲಾದರೆ ಟಿಸಿಪಿ ಸಂಪರ್ಕ ಕಡಿಯುತ್ತದೆ. ಊರ ಮನೆಗೆ ಬಂದ ಕಾಗದವನ್ನು ಹೊಸ ಬಿಡಾರಕ್ಕೆ ಕಳಿಸುವಂತೆ ಮೊಬೈಲ್ ಐಪಿಯಲ್ಲಿ ನಿಮ್ಮ ಮೂಲ ಜಾಲದ ಹೋಮ್ ಏಜೆಂಟ್ ಎಂಬ ರೂಟರ್ ಪ್ಯಾಕೆಟ್‌ಗಳನ್ನು ಸುರಂಗದ ಮೂಲಕ ನೀವಿರುವಲ್ಲಿಗೆ ದಾಟಿಸುತ್ತದೆ. ಈಗ ಇದನ್ನು ಯಾರು ಬಳಸುತ್ತಾರೆ ಎನ್ನುವಿರಿ. ನಮ್ಮ ಫೋನುಗಳಲ್ಲಿ ಇದು ನೆಲೆಯೂರಲಿಲ್ಲ, ನಿಜ. ಆದರೆ 4ಜಿ, 5ಜಿ ಜಾಲಗಳ ಜಿಟಿಪಿ ಸುರಂಗಗಳಲ್ಲಿರುವುದೂ ಇದೇ ಬಗೆಯ ಯೋಚನೆ. 2021ರಲ್ಲಿ ಮಾನಕವಾದ ಕ್ವಿಕ್ ಪ್ರೋಟೊಕಾಲ್, ಸಂಪರ್ಕಕ್ಕೇ ಒಂದು ಗುರುತು ಕೊಟ್ಟು ಅದೇ ತೊಡಕನ್ನು ಬೇರೆ ದಾರಿಯಲ್ಲಿ ಬಿಡಿಸಿತು. ಮೊಬೈಲ್ ಐಪಿಗೆ ಎರಡು ಸಂಜೆ ಕೊಡಿ, ಉಳಿದ ಹೊತ್ತನ್ನು ಜಿಟಿಪಿ, ಕ್ವಿಕ್ ಇವೆರಡಕ್ಕೆ ಇಡಿ.