ಹರಪನಹಳ್ಳಿ ಯಾವ ಜಿಲ್ಲೆ? ಟೇಬಲ್ ಕಟ್ಟುವವರಿಗೆ ಏಳು ಸೂತ್ರ

ಊರಿನ ಲೈಬ್ರರಿಗೆ ಡೇಟಾಬೇಸ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ರಿಲೇಷನಲ್ ಮಾದರಿಯೇ ಇಂದಿಗೂ ಸಾಕು.

1. ಫೋನ್ ನಂಬರನ್ನು ಪ್ರೈಮರಿ ಕೀ ಮಾಡಬೇಡಿ. ಮನೆಮಂದಿಗೆಲ್ಲ ಒಂದೇ ನಂಬರ್ ಇರಬಹುದು; ಬಿಟ್ಟ ನಂಬರ್ ನಾಳೆ ಇನ್ಯಾರದೋ ಆಗುತ್ತದೆ. ಬರೀ ಕ್ರಮಸಂಖ್ಯೆಯೇ ವಾಸಿ.

2. ಹಾಗಂತ ಐಡಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಪುಸ್ತಕದ ಒಂದೇ ಪ್ರತಿ ಐಡಿ 41 ಎಂದೊಮ್ಮೆ, 97 ಎಂದೊಮ್ಮೆ ಸೇರಿಕೊಂಡರೂ ಡೇಟಾಬೇಸ್ ತುಟಿಪಿಟಕ್ಕೆನ್ನದು. ಪ್ರತಿಯ ಮೇಲೆ ಲೈಬ್ರರಿ ಬರೆಯುವ ಅಕ್ಸೆಶನ್ ನಂಬರಿಗೆ ಯುನೀಕ್ ನಿಯಮ ಹಾಕಿ.

3. ಒಂದೇ ಕಾಲಂನಲ್ಲಿ ಅಲ್ಪವಿರಾಮ ಹಾಕಿ ಮೂವರು ಲೇಖಕರನ್ನು ತುರುಕಬೇಡಿ. ಪುಸ್ತಕ–ಲೇಖಕ ಅಂತ ಬೇರೆ ಟೇಬಲ್ ಮಾಡಿ.

4. ಎರವಲು ಟೇಬಲಿನ ಕೀ: ಸದಸ್ಯ, ಪ್ರತಿ, ಒಯ್ದ ದಿನ. ಅಲ್ಲೇ ಪುಸ್ತಕದ ಹೆಸರನ್ನೂ ಬರೆದಿರೋ, ಎರಡನೇ ನಾರ್ಮಲ್ ಫಾರ್ಮ್ ಕೆಟ್ಟಿತು. ಹೆಸರು ನಿಂತಿರುವುದು ಪ್ರತಿಯ ಮೇಲೆ ಮಾತ್ರ. ಯಾರು ಒಯ್ದರು, ಯಾವಾಗ ಒಯ್ದರು ಎಂಬುದು ಅದಕ್ಕೆ ಬೇಕಿಲ್ಲ.

5. ಸದಸ್ಯರ ಸಾಲಿನಲ್ಲಿ ತಾಲ್ಲೂಕು ಇರಲಿ, ಜಿಲ್ಲೆ ಬೇಡ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಆಮೇಲೆ ಬಳ್ಳಾರಿಗೇ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಸದಸ್ಯರೊಬ್ಬರೂ ಮನೆ ಬದಲಿಸಿಲ್ಲ! ಜಿಲ್ಲೆಯನ್ನು ಪ್ರತಿ ಸದಸ್ಯರ ಮುಂದೆ ಬರೆದಿದ್ದರೆ ಪ್ರತಿ ಸಲವೂ ಅಷ್ಟೂ ಸಾಲು ತಿದ್ದಬೇಕು. ನಾಲ್ಕು ಬಿಟ್ಟುಹೋದರೆ ಒಂದೇ ತಾಲ್ಲೂಕು ಎರಡು ಜಿಲ್ಲೆಯಲ್ಲಿರುತ್ತದೆ. ತಾಲ್ಲೂಕು–ಜಿಲ್ಲೆ ಟೇಬಲ್ ಬೇರೆ ಇದ್ದರೆ ತಿದ್ದುವುದು ಒಂದೇ ಸಾಲು. ಮೂರನೇ ನಾರ್ಮಲ್ ಫಾರ್ಮ್ ಕೇಳುವುದು ಇಷ್ಟೇ. ಬಾಯ್ಸ್–ಕಾಡ್, ನಾಲ್ಕು, ಐದು ಅಂತ ಮುಂದೆಯೂ ಇವೆ. ಊರಿನ ಲೈಬ್ರರಿಗೆ ಅಷ್ಟು ದೂರ ಹೋಗುವ ಪ್ರಮೇಯ ಬರುವುದು ಕಡಿಮೆ.

6. ಫಾರಿನ್ ಕೀ ಕಾವಲನ್ನು ಡೇಟಾಬೇಸಿಗೇ ಒಪ್ಪಿಸಿ, ಅಪ್ಲಿಕೇಷನ್ ಕೋಡನ್ನು ನಂಬಿ ಕೂರಬೇಡಿ. 'ಆನ್ ಡಿಲೀಟ್ ಕ್ಯಾಸ್ಕೇಡ್' ಬರೆಯುವಾಗ ಮಾತ್ರ ಹುಷಾರು: ಸದಸ್ಯರನ್ನು ಅಳಿಸಿದರೆ ಅವರು ಹಿಂದಿರುಗಿಸದ ಪುಸ್ತಕದ ದಾಖಲೆಯೂ ಮಾಯ. ಪೋಸ್ಟ್‌ಗ್ರೆಸ್ ಬಳಸುವವರು ಫಾರಿನ್ ಕೀ ಕಾಲಂಗೆ ಇಂಡೆಕ್ಸನ್ನು ತಾವೇ ಹಾಕಬೇಕು. ಅದು ತಾನಾಗಿ ಹಾಕಿಕೊಡುವುದಿಲ್ಲ.

7. ಒಂದೇ ಥರ ಕಂಡದ್ದೆಲ್ಲ ಪುನರಾವರ್ತನೆಯಲ್ಲ. ತಡವಾದರೆ ದಿನಕ್ಕೆ 1 ರೂಪಾಯಿ ಇದ್ದ ದಂಡ ಈಗ 2 ಆಗಿದೆ ಎನ್ನಿ. ಹಳೆಯ ವಸೂಲಿಯನ್ನು ಹೊಸ ದರದಿಂದ ಲೆಕ್ಕ ಹಾಕಿದರೆ ರಸೀದಿಗೂ ಲೆಕ್ಕದ ಪುಸ್ತಕಕ್ಕೂ ತಾಳೆಯಾಗದು. ಈಗಿನ ದರ ಒಂದು ಸಂಗತಿ, ಅಂದು ವಸೂಲಾದ ದರ ಇನ್ನೊಂದು. ಎರಡನೆಯದನ್ನು ರಸೀದಿಯ ಸಾಲಿನಲ್ಲೇ ಬರೆದಿಡಿ.