ಹಳ್ಳದ ಟರ್ಬೈನಿನ ವಿದ್ಯುತ್ತನ್ನು ಹದಗೊಳಿಸುವ ಬಗೆ

ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳ ಘಟ್ಟಪ್ರದೇಶದಲ್ಲಿ, ಸರ್ಕಾರದ ಕರೆಂಟು ತಲುಪದೆಡೆ ಅಥವಾ ತಲುಪಿಯೂ ಮಳೆಗಾಲದಲ್ಲಿ ನಂಬಲಾಗದೆಡೆ, ಹಳ್ಳದ ನೀರನ್ನು ಪೈಪಿನಲ್ಲಿಳಿಸಿ ಮನೆಗೆ ಬೇಕಾದ ಒಂದೆರಡು ಕಿಲೋವಾಟ್ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳುವ ಗೃಹಸ್ಥರಿದ್ದಾರೆ. ದೀಪ ಮಿಣುಕಿದರೆ, ಬಲ್ಬು ಅಕಾಲದಲ್ಲಿ ಸುಟ್ಟರೆ, ಪೇಟೆಯಿಂದ ಸ್ಟೆಬಿಲೈಸರ್ ತಂದಿಡುವುದು ಇವರಲ್ಲಿ ಹಲವರ ಮೊದಲ ಯೋಚನೆ. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಯದಾಗಿರಬೇಕು. ಏಕೆಂದರೆ ಟರ್ಬೈನಿನ ವೇಗ ಕುಗ್ಗಿದಾಗ ವೋಲ್ಟೇಜಿನೊಡನೆ ಆವರ್ತನವೂ ಇಳಿಯುತ್ತದೆ. ಸ್ಟೆಬಿಲೈಸರ್ ಎತ್ತಬಲ್ಲುದು ವೋಲ್ಟೇಜನ್ನು ಮಾತ್ರ. ತಗ್ಗಿದ ಆವರ್ತನದಲ್ಲಿ ಪೂರ್ಣ ವೋಲ್ಟೇಜ್ ದೊರೆತ ಮೋಟಾರು ಅತಿಯಾಗಿ ಕಾಯುತ್ತದೆ.

ಆದುದರಿಂದ ಮೊದಲು ಅಳೆಯಬೇಕು. ಆವರ್ತನವನ್ನೂ ತೋರಿಸುವ, ‘ಟ್ರೂ ಆರ್‌ಎಂಎಸ್’ ಎಂದು ನಮೂದಿಸಿದ ಮಲ್ಟಿಮೀಟರನ್ನೇ ಕೊಳ್ಳತಕ್ಕದ್ದು. ಅಗ್ಗದ ಮೀಟರು ವಿದ್ಯುತ್ತಿನ ವಿಕೃತವಾದ ಅಲೆಯನ್ನು ತಪ್ಪಾಗಿ ಓದುತ್ತದೆ. ದೀಪಗಳೆಲ್ಲ ಆರಿರುವಾಗಲೂ ಉರಿಯುತ್ತಿರುವಾಗಲೂ, ಯಂತ್ರದ ಬಳಿಯೊಮ್ಮೆ, ಮನೆಯಲ್ಲೊಮ್ಮೆ, 230 ವೋಲ್ಟ್ ಮತ್ತು 50 ಹರ್ಟ್ಸ್‌ನಿಂದ ಎಷ್ಟು ಸರಿದಿದೆಯೆಂದು ಬರೆದಿಟ್ಟರೆ, ದೋಷ ಯಂತ್ರದ್ದೊ ತಂತಿಯದೊ ತಿಳಿಯುತ್ತದೆ.

ಯಂತ್ರದ ಬಳಿಯೇ ಆವರ್ತನ ಓಲಾಡುತ್ತಿದ್ದರೆ, ನೀರಿನ ತೊಟ್ಟಿಯ ಜಾಲರಿಗೆ ತರಗೆಲೆ ಕಟ್ಟಿದೆಯೋ, ಪೈಪಿಗೆ ಗಾಳಿ ಹೊಗುತ್ತಿದೆಯೋ ನೋಡಿ. ಬೇಸಗೆಯಲ್ಲಿ ಹರಿವು ಕುಗ್ಗಿದಾಗ ಚಿಕ್ಕ ನಾಜಲ್ ಹಾಕಿ ಪೈಪು ಸದಾ ತುಂಬಿರುವಂತೆ ಮಾಡಬೇಕು. ಅನಂತರ ಲೋಡ್ ಕಂಟ್ರೋಲರ್. ನೀರನ್ನು ಕ್ಷಣಕ್ಷಣವೂ ಹೆಚ್ಚುಕಡಿಮೆ ಮಾಡುವ ಗವರ್ನರು ಇಷ್ಟು ಚಿಕ್ಕ ಯಂತ್ರಕ್ಕೆ ದುಬಾರಿಯಾದುದರಿಂದ, ನೀರನ್ನು ಏಕಪ್ರಕಾರವಾಗಿ ಹರಿಯಗೊಟ್ಟು, ಮನೆಗೆ ಬೇಡವಾದ ವಿದ್ಯುತ್ತನ್ನು ಹೀಟರಿಗೆ ತಿರುಗಿಸಿ, ಒಟ್ಟು ಹೊರೆಯನ್ನು ಸ್ಥಿರವಾಗಿಡುವುದು ಇದರ ಕೆಲಸ. ಹೀಟರಿನ ಸಾಮರ್ಥ್ಯ ಯಂತ್ರದ ಗರಿಷ್ಠ ಉತ್ಪಾದನೆಗಿಂತ ತುಸು ಮಿಗಿಲಾಗಿರಬೇಕು. ಬಚ್ಚಲಿನ ನೀರು ಪುಕ್ಕಟೆಯಾಗಿ ಕಾಯುವುದೆಂಬ ಆಸೆ ಸಹಜವೇ. ಆದರೆ ಸ್ನಾನವಾದೊಡನೆ ಯಾರಾದರೂ ಆರಿಸಿಬಿಡುವಂತಹ ಸ್ವಿಚ್ಚು ಅಲ್ಲಿರಕೂಡದು, ಹೊರೆ ತಪ್ಪಿದ ಯಂತ್ರ ಮಿತಿಮೀರಿ ಓಡಿ ಮನೆಯ ಬಲ್ಬುಗಳನ್ನೆಲ್ಲ ಸುಟ್ಟೀತು. ಅಲೆಯನ್ನು ನಡುವೆ ಕತ್ತರಿಸಿ ನಿಯಂತ್ರಿಸುವ ಕಂಟ್ರೋಲರು ತಾನೇ ವಿಕೃತಿಯನ್ನು ಹುಟ್ಟಿಸಿ ರೇಡಿಯೋವನ್ನು ಗುಂಯ್‌ಗುಡಿಸುತ್ತದೆ. ಸಣ್ಣ ಹೀಟರುಗಳನ್ನು ಒಂದೊಂದಾಗಿ ಪೂರ್ತಿ ಸೇರಿಸಿ ಬಿಡಿಸುವ ಬಗೆಯದೇ ಮೇಲು.

ಯಂತ್ರದ ಬಳಿ ಸರಿಯಿದ್ದು ಮನೆಯಲ್ಲಿ ವೋಲ್ಟೇಜ್ ಬಿದ್ದರೆ ಅಪರಾಧ ತಂತಿಯದು. ಮನೆ 200 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿ 400 ಮೀಟರ್, 1.5 ಚದರ ಮಿಲಿಮೀಟರಿನ ತಾಮ್ರದಲ್ಲಿ 5 ಆಂಪಿಯರ್ ಹರಿದಾಗ ಸುಮಾರು 24 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ, 4 ಚದರ ಮಿಲಿಮೀಟರಿನದರಲ್ಲಿ ಸುಮಾರು 9 ಮಾತ್ರ.

ಗ್ರೈಂಡರಿನಂತಹ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರವಾಹದ ಐದಾರು ಪಟ್ಟನ್ನು ಬೇಡಬಲ್ಲುದಾದುದರಿಂದ, ಅದನ್ನು ಫ್ರಿಜ್ಜಿನೊಡನೆ ಏಕಕಾಲಕ್ಕೆ ಹಚ್ಚದಿರುವುದು ಲೇಸು. ಸಾಧಾರಣ ಇಂಡಕ್ಷನ್ ಮೋಟಾರನ್ನೇ ಜನರೇಟರಾಗಿ ಬಳಸಿದ್ದರೆ, ಅದಕ್ಕೆ ಜೋಡಿಸಿದ ಕೆಪಾಸಿಟರ್ ಹಳತಾದಾಗಲೂ ವೋಲ್ಟೇಜ್ ಕುಸಿಯುತ್ತದೆ; ಯಂತ್ರ ನಿಂತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಅದನ್ನು ಎಲೆಕ್ಟ್ರಿಷಿಯನ್ನನಿಂದಲೇ ಬದಲಾಯಿಸತಕ್ಕದ್ದು.

ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಮುಂಚೆ, ತಂತಿಯ ಎರಡು ತುದಿಗಳಲ್ಲೂ ಸಿಡಿಲುರಕ್ಷಕವನ್ನಿಟ್ಟು, ತೇವವಾದ ನೆಲದಲ್ಲಿ ಅರ್ಥಿಂಗ್ ಹೂಳಿ, ಅದರ ಬೋಲ್ಟುಗಳ ತುಕ್ಕನ್ನು ಪ್ರತಿವರ್ಷ ಉಜ್ಜಿ ತೆಗೆಯಬೇಕು.